420 ರೂಪಾಯಿ ಸೆನ್ಸರು, 1.1 ಮಿಲಿಮೀಟರ್ ಫರಕು

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಎರಡೂವರಿ. ಅವ್ವನ್ನ ಕರ್ಕೊಂಡು ಜೇವರ್ಗಿಯಿಂದ ವಾಪಸ್ ಬರ್ಲಿಕತ್ತಿದ್ದೆ, ಕಟ್ಟಿಸಂಗಾವಿ ಹತ್ರ ಭೀಮಾ ಬ್ರಿಜ್ ದಾಟಿ ಒಂದೆರಡು ಕಿಲೋಮೀಟರ್ ಬಂದಿದ್ವೋ ಇಲ್ಲೋ, ಕಾರು ಬಂದ್. ಜಟಕಾ ಇಲ್ಲ, ಸಪ್ಪಳ ಇಲ್ಲ, ಹೊಗಿ ಇಲ್ಲ, ಯಾರೋ ಸ್ವಿಚ್ ಆಫ್ ಮಾಡ್ದಂಗ. ಸೈಡಿಗೆ ಹಾಕಿ ಕೀ ತಿರುಗಿಸಿದ್ರ ಸ್ಟಾರ್ಟರ್ ಚಲೋ ತಿರುಗ್ತದ, ಇಂಜಿನ್ ಹಿಡಿಯವಲ್ದು. ಆಗ ಒಂದು ಕಣ್ಣಿಗೆ ಬಿತ್ತು, ಸ್ಟಾರ್ಟರ್ ಅಷ್ಟು ತಿರುಗ್ಲಿಕತ್ತಿದ್ರೂ ಆರ್‌ಪಿಎಂ ಮುಳ್ಳು ಸೊನ್ನಿ ಬಿಟ್ಟು ಎದ್ದಿಲ್ಲ. ಇದನ್ನ ನೆನಪಿಟ್ಕೊಳ್ರಿ, ಮುಂದ ಬೇಕಾಗ್ತದ.

ಬೇವಿನ ಗಿಡದ ಕೆಳಗ ಇಪ್ಪತ್ತೈದು ನಿಮಿಷ ಕುಂತ್ವಿ. ಅವ್ವ ಬುತ್ತಿ ಬಿಚ್ಚಿ ರೊಟ್ಟಿ ಶೇಂಗಾ ಹಿಂಡಿ ತಿಂದಳು, ನನಗ ಹೊಟ್ಟಿಗೆ ಹೋಗ್ಲಿಲ್ಲ. ಆಮ್ಯಾಲ ಕೀ ತಿರುಗಿಸಿದ್ರ ಒಂದೇ ಸಲಕ್ಕ ಸ್ಟಾರ್ಟ್! ಕಲಬುರಗಿ ಮುಟ್ಟೋ ತನಕ ಏನೂ ಇಲ್ಲ, ರಾಮ ಮಂದಿರ ಸರ್ಕಲ್ ಸಿಗ್ನಲ್‌ನ್ಯಾಗ ಮತ್ತೊಮ್ಮೆ ಬಂದ್, ಹಿಂದಿನ ಆಟೋದವರ ಹಾರ್ನು ಬೈಗುಳ ಎಲ್ಲಾ ಕೇಳಿ, ದೂಡಿ ಸೈಡಿಗೆ ಹಚ್ಚಿದ್ದಾಯ್ತು.

ಗಾಡಿ ಯಾವುದು ಅಂತ ಬರಿಯಂಗಿಲ್ಲ, ಬರದ್ರ ಆ ಕಂಪನಿ ಚಲೋ ಈ ಕಂಪನಿ ಖರಾಬ್ ಅಂತ ಜಗಳ ಶುರು ಆಗ್ತದ, ಮತ್ತ ಈ ಕಥಿಗೆ ಅದು ಬೇಕಾಗೂ ಇಲ್ಲ. ನಾಕು ಸಿಲಿಂಡರ್ ಪೆಟ್ರೋಲ್, 2014ರದು, ಒಂದು ಲಕ್ಷ ಹನ್ನೆರಡು ಸಾವಿರ ಓಡ್ಯದ. ನಾನು ಮೆಕ್ಯಾನಿಕ್ ಅಲ್ಲ. ಇಲ್ಲೇ ಒಂದು ತೊಗರಿ ದಾಲ್ ಮಿಲ್‌ನ್ಯಾಗ ಇಲೆಕ್ಟ್ರಿಕಲ್ ಕೆಲಸ ನಂದು, ಮೋಟಾರು ಪ್ಯಾನಲ್ಲು ಸೆನ್ಸರು ಅಂತ ದಿನಾ ಅದೇ. ಹಂಗಾಗಿ ಮಲ್ಟಿಮೀಟರ್ ಕೈಯಾಗ ಇದ್ರ ಜರಾ ಧೈರ್ಯ ಬರ್ತದ, ಸ್ಪ್ಯಾನರ್ ಹಿಡದ್ರ ಅಷ್ಟು ಬರಂಗಿಲ್ಲ.

ರಾತ್ರಿ ಗಾಡಿಯ ತಪ್ಪಿನ ಕೋಡ್ ಓದೋ ಬ್ಲೂಟೂತ್ ಸ್ಕ್ಯಾನರ್ ಹಚ್ಚಿ ನೋಡ್ದೆ, ಪಿ0335. ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಸರ್ಕ್ಯೂಟ್. ನಮ್ಮ ಮಿಸ್ತ್ರಿ ಚಾಚಾಗ ಫೋನ್ ಮಾಡಿದ್ರ "ಬೇಟಾ, ಬಿಸಿಲಿಗೆ ಕಾಯಿಲ್ ಕಾದಿರ್ತದ, ನಾಕೂ ಕಾಯಿಲ್ ಹಾಕಿಬಿಡು" ಅಂದ್ರು. ಚಾಚಾ ಕಾರ್ಬುರೇಟರ್ ಕಾಲದವ್ರು, ಕೈ ಗುಣ ಅಗದೀ ಚಲೋ, ಆದ್ರ ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್ ಸಿಲಿಂಡರಿಗೆ ಒಂದೊಂದು, ಒಂದು ಕಾಯಿಲ್ ಹೋದ್ರ ಒಂದು ಸಿಲಿಂಡರ್ ಹೋಗ್ತದ, ನಾಕೂ ಒಂದೇ ಸೆಕೆಂಡಿಗೆ ಹೆಂಗ ಸಾಯ್ತಾವ? ಮುಳ್ಳು ಬ್ಯಾರೆ ಸೊನ್ನಿಯಿಂದ ಎದ್ದಿಲ್ಲ. ಅಂದ್ರ ಇಂಜಿನ್ ತಿರುಗ್ಲಿಕತ್ತದ ಅನ್ನೋದೇ ಇಸಿಯುಗ, ಅಂದ್ರ ಇಂಜಿನ್ ನಡಸೋ ಕಂಪ್ಯೂಟರಿಗೆ, ಗೊತ್ತಾಗಿಲ್ಲ. ಗೊತ್ತಾಗಿಲ್ಲಂದ್ರ ಅದು ಸ್ಪಾರ್ಕೂ ಕೊಡಂಗಿಲ್ಲ, ಪೆಟ್ರೋಲೂ ಬಿಡಂಗಿಲ್ಲ.

ಈ ಸೆನ್ಸರ್ ಕೆಲಸ ಹೇಳ್ಬೇಕಂದ್ರ, ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟು, ಅಂದ್ರ ಕ್ರ್ಯಾಂಕು, ಅದರ ಜೊತಿ ಹಲ್ಲಿರೋ ಒಂದು ಗಾಲಿ ತಿರುಗ್ತದ, ಅದರ ಎದುರಿಗೆ ಈ ಸೆನ್ಸರ್ ಮೂತಿ ಇಟ್ಕೊಂಡು ಕುಂತಿರ್ತದ. ಭಾಳ ಗಾಡಿಗಳ್ದಾಗ 60 ಹಲ್ಲಿನ ಜಾಗ ಇದ್ದು 58 ಹಲ್ಲು ಇರ್ತಾವ, ಎರಡು ಬೇಕಂತಲೇ ಬಿಟ್ಟಿರ್ತಾರ. ಒಂದು ಹಲ್ಲಿಗೆ 6 ಡಿಗ್ರಿ ಲೆಕ್ಕ, ಖಾಲಿ ಜಾಗ ಬಂದಾಗ ಪಿಸ್ಟನ್ ಎಲ್ಲಿ ಅದ ಅಂತ ಇಸಿಯು ಗುರ್ತು ಹಿಡೀತದ. ನನ್ನ ಗಾಡ್ಯಾಗಿರೋದು ಎರಡು ವೈರಿನ ಸೆನ್ಸರ್, ಒಳಗ ಮ್ಯಾಗ್ನೆಟ್ಟು, ಅದರ ಸುತ್ತ ಸಣ್ಣ ತಂತಿ ಸುತ್ತಿದ ಕಾಯಿಲು ಅಷ್ಟ. ಹಲ್ಲು ಮುಂದ ಹಾದಾಗ ತಾನೇ ವೋಲ್ಟೇಜ್ ಹುಟ್ಟಿಸ್ತದ. ಮೂರು ವೈರಿಂದು ಸಾಮಾನ್ಯವಾಗಿ ಹಾಲ್ ಸೆನ್ಸರ್ ಇರ್ತದ, ಅದಕ್ಕ ಹೊರಗಿಂದ ಸಪ್ಲೈ ಬೇಕು, ಅದನ್ನ ಓಮ್ (ತಂತಿಯ ರೆಸಿಸ್ಟೆನ್ಸ್) ಹಚ್ಚಿ ನೋಡಿದ್ರ ಏನೂ ತಿಳಿಯಂಗಿಲ್ಲ. ಎರಡನ್ನೂ ಒಂದೇ ಅಂತ ತಿಳ್ಕೊಂಡು ಓಮ್ ನೋಡ್ಕೋತ ಕುಂತವ್ರನ್ನ ನೋಡೀನಿ.

ಬಿಚ್ಚೋದು ಸುಲಭ ಇತ್ತು, ಸ್ಟಾರ್ಟರ್ ಮೋಟಾರಿನ ಹತ್ರ ಹತ್ತು ನಂಬರಿನ ಒಂದೇ ಬೋಲ್ಟ್. ಕೈ ಹೋಗೋ ಜಾಗ ಮಾತ್ರ ಇಲ್ಲ, ಮೊಣಕೈ ಕೆತ್ತಿ ರಕ್ತ ಬಂತು. ಮರುದಿನ ಸೆನ್ಸರ್ ಮಿಲ್ಲಿಗೆ ಒಯ್ದು, ಚಾ ಮಾಡೋ ಬೋಗಾಣ್ಯಾಗ ನೀರು ಕಾಯ್ಲಿಕ್ಕಿಟ್ಟು, ಸೆನ್ಸರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಪಿನ್ನಿಗೆ ಮೀಟರ್ ವೈರು ಹಚ್ಚಿ ಇಳಿಬಿಟ್ಟೆ. ಚಾ ಮಾಡೋ ಹುಡುಗ "ಅಣ್ಣಾ, ಇವತ್ತ ಇದನ್ನೇ ಕುಡಿಬೇಕೇನ್ರಿ" ಅಂದ. ತಣ್ಣಗಿದ್ದಾಗ 870 ಓಮ್. ನೀರು ಕಾದಂಗ ಏರ್ಕೋತ ಹೋಯ್ತು, 900, 950, 70 ಡಿಗ್ರಿಗೆ 1010. ಇಲ್ಲಿ ತನಕ ತಪ್ಪೇನಿಲ್ಲ, ತಾಮ್ರದ ತಂತಿ ಒಂದು ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ಏರೇ ಏರ್ತದ, 40 ಡಿಗ್ರಿ ಏರಿದ್ರ ಹದಿನಾರು ಪರ್ಸೆಂಟ್ ಹತ್ರ, ಲೆಕ್ಕ ಸರೀ ಕುಂತದ. 75 ದಾಟಿತು ನೋಡ್ರಿ, ಮೀಟರ್‌ನ್ಯಾಗ ಓಎಲ್. ಓಪನ್. ನೀರಿನಿಂದ ತೆಗದು ಫ್ಯಾನಿನ ಕೆಳಗ ಇಟ್ಟೆ, ಹತ್ತು ನಿಮಿಷಕ್ಕ ಮತ್ತ ಓಮ್ ತೋರಿಸ್ತು. ಒಳಗ ತಂತಿ ಎಲ್ಲೋ ಕಡದದ, ತಣ್ಣಗಿದ್ದಾಗ ಕೂಡಿರ್ತದ, ಕಾದಾಗ ಬಿಡ್ತದ. ಬೇವಿನ ಗಿಡದ ಕೆಳಗ ನಡದದ್ದೂ ಇದೇ.

ಈಗ ಹೊಸಾದು ಬೇಕು. ಶೋರೂಮಿನ ಪಾರ್ಟ್ಸ್ ಕೌಂಟರ್‌ನ್ಯಾಗ ಕೇಳಿದ್ರ 1,850 ರೂಪಾಯಿ, ಆರ್ಡರ್ ಹಾಕ್ಬೇಕು, ನಾಕೈದು ದಿನ. ಸೂಪರ್ ಮಾರ್ಕೆಟ್ ಕಡಿ ಒಂದು ಅಂಗಡ್ಯಾಗ ಕೇಳಿದ್ರ ಅಲ್ಲೇ ರ‍್ಯಾಕಿನಿಂದ ತೆಗದು ಕೊಟ್ಟ, 420. ಡಬ್ಬಿ ಮ್ಯಾಲ ಎಂದೂ ಕೇಳದ ಹೆಸರು, ಎಂಆರ್‌ಪಿ ಅದ, ತಯಾರು ಮಾಡಿದವ್ರ ವಿಳಾಸ ಇಲ್ಲ. "ಗ್ಯಾರಂಟಿ ಅದೇನ್ರಿ?" ಅಂದ್ರ "ಇಲೆಕ್ಟ್ರಿಕ್ ಸಾಮಾನಿಗೆ ಯಾರ ಕೊಡ್ತಾರ್ರೀ ಗ್ಯಾರಂಟಿ" ಅಂದ. ಆದ್ರ ಮೂತಿ ಅದೇ, ಕನೆಕ್ಟರ್ ಅದೇ, ಪ್ಲಾಸ್ಟಿಕ್ ಮ್ಯಾಲ ಒರಿಜಿನಲ್ ನಂಬರನ್ನೂ ಹಂಗೇ ಅಚ್ಚು ಹೊಡದಾರ. ಮನ್ಯಾಗ ಮದಿವಿ ಓಡಾಟ ಇತ್ತು, ಗಾಡಿ ಬೇಕೇ ಬೇಕು, ತೊಗೊಂಡೆ. ನಾನೂ ಸುಮ್ನ ತೊಗೊಂಡಿಲ್ಲ ಮತ್ತ, ಅದೇ ಬೋಗಾಣ್ಯಾಗ ಅದನ್ನೂ ಕಾಯಿಸಿ ನೋಡೀನಿ. ತಣ್ಣಗ 880, 95 ಡಿಗ್ರಿಗೆ 1100, ಎಲ್ಲೂ ಓಪನ್ ಆಗ್ಲಿಲ್ಲ. ಪಾಸ್ ಅಂದ್ಕೊಂಡು ಹಚ್ಚಿದೆ. 1,430 ರೂಪಾಯಿ ಉಳಸ್ದೆ ಅಂತ ಮನ್ಯಾಗ ಹೇಳ್ಕೊಂಡೂ ಬಿಟ್ಟೆ.

ರಸ್ತ್ಯಾಗ ನಿಲ್ಲೋದು ಪೂರಾ ಹೋಯ್ತು, ಅದು ಖರೇ. ಮೇ ತಿಂಗಳ ಬಿಸಿಲಿನ್ಯಾಗ ಗಾಣಗಾಪುರಕ್ಕ ಹೋಗಿ ಬಂದ್ವಿ, ಒಮ್ಮೆ ನಿಂತಿಲ್ಲ. ಆದ್ರ ಸ್ಟಾರ್ಟ್ ಆಗ್ಲಿಕ್ಕೆ ಟೈಮ್ ತೊಗೊಳ್ಳಿಕ್ಕೆ ಹತ್ತಿತು. ಮೊದಲು ಕೀ ತಿರುಗಿಸಿದ್ರ ಒಂದೇ ಸೆಕೆಂಡು, ಈಗ ನಾಕು, ಐದು, ಕೆಲವೊಮ್ಮೆ ಎರಡು ಸಲ ತಿರುಗಿಸ್ಬೇಕು, ರಾತ್ರಿ ಲೈಟು ಎಸಿ ಹಾಕಿ ಸಣ್ಣ ಓಡಾಟ ಮಾಡಿ ನಿಲ್ಲಿಸಿದ್ರಂತೂ ಇನ್ನೂ ಹೆಚ್ಚು. "ಗಾಡಿ ಕೆಮ್ಮಲಿಕತ್ತದಪಾ" ಅಂದಳು ಅವ್ವ. ಸ್ಕ್ಯಾನರ್‌ನ್ಯಾಗ ಒಂದೂ ಕೋಡ್ ಇಲ್ಲ. ನಾನು ಬ್ಯಾಟರಿ ಅಂದ್ಕೊಂಡು ಟರ್ಮಿನಲ್ ತೊಳದೆ, ಆಮ್ಯಾಲ ಅರ್ಥಿಂಗ್ ವೈರು ಬಿಚ್ಚಿ ಮರಳು ಕಾಗದದಿಂದ ತಿಕ್ಕಿ ಹಾಕಿದೆ, ಪೆಟ್ರೋಲ್ ಪಂಪ್ ಪ್ರೆಷರ್ ಇಳೀತಿರ್ಬೇಕು ಅಂತ ಕೀ ಎರಡು ಸಲ ಆನ್ ಮಾಡಿ ಆಮ್ಯಾಲ ಸ್ಟಾರ್ಟ್ ಮಾಡೋದೂ ನೋಡ್ದೆ, ಯಾವುದಕ್ಕೂ ಬಗ್ಗಲಿಲ್ಲ. ಹೊಸಾ ಸೆನ್ಸರಿನ ಮ್ಯಾಲ ಡೌಟೇ ಬರ್ಲಿಲ್ಲ ನೋಡ್ರಿ, ಯಾಕಂದ್ರ ನಾನೇ ಟೆಸ್ಟ್ ಮಾಡಿ ಹಚ್ಚಿದ್ದು. ಸೊಕ್ಕು!

ಉತ್ತರ ಸಿಕ್ಕಿದ್ದು ಮಿಲ್‌ನ್ಯಾಗ. ಕಾಳು ಮ್ಯಾಲ ಎತ್ತೋ ಬಕೆಟ್ ಎಲಿವೇಟರ್ ಕೆಳಗಿನ ಶಾಫ್ಟಿಗೆ ಒಂದು ಪ್ರಾಕ್ಸಿಮಿಟಿ ಸೆನ್ಸರ್ ಇರ್ತದ, ಬೆಲ್ಟ್ ನಿಂತ್ರ ಮೋಟಾರ್ ಬಂದ್ ಮಾಡ್ಲಿಕ್ಕೆ. ಹೊಸಾ ಹುಡುಗ ಅದನ್ನ ಬದಲಿ ಮಾಡಿದ್ದ, ಆವಾಗಿಂದ ಎಲಿವೇಟರ್ ಸುಮ್ನ ಸುಮ್ನ ಟ್ರಿಪ್. ಹೋಗಿ ನೋಡಿದ್ರ ಸೆನ್ಸರ್ ಚಲೋ ಅದ, ವೈರಿಂಗ್ ಚಲೋ ಅದ, ಆದ್ರ ನಟ್ಟು ಹಿಂದ ಬಿಟ್ಟು ಬಿಗಿದಾನ. 18 ಮಿಲಿಮೀಟರ್ ಸೈಜಿಂದು, 5 ಮಿಲಿಮೀಟರ್ ಒಳಗ ಕಬ್ಬಿಣ ಬಂದ್ರ ಹಿಡೀತದ, ಇಂವ 6 ದೂರ ಇಟ್ಟಾನ. ಒಮ್ಮೆ ಹಿಡೀತದ, ಒಮ್ಮೆ ಬಿಡ್ತದ. "ಗ್ಯಾಪ್ ನೋಡಪಾ, ಗ್ಯಾಪ್" ಅಂತ ಹುಡುಗನಿಗೆ ಬೈಕೋತ ಇದ್ದೆ, ಬಾಯಾಗಿನ ಮಾತು ಬಾಯಾಗೇ ನಿಂತ್ಬಿಡ್ತು.

ಸಂಜಿಗೆ ಮನಿಗೆ ಬಂದಾಕ್ಷಣ ಗಾಡಿ ಸೆನ್ಸರ್ ಬಿಚ್ಚಿ ಹಳೇದರ ಜೊತಿ ಇಟ್ಟು ವರ್ನಿಯರ್ ಹಚ್ಚಿದೆ. ಬೋಲ್ಟ್ ಕೂಡೋ ಕಿವಿಯ ತಳದಿಂದ ಮೂತಿ ತುದಿ ತನಕ ಹಳೇದು 27.4 ಮಿಲಿಮೀಟರ್, ಹೊಸಾದು 26.3. ಮೂರು ಸಲ ಅಳದೆ. 1.1 ಮಿಲಿಮೀಟರ್ ಗಿಡ್ಡ. ಕೈಯಾಗ ಹಿಡಕೊಂಡು ನೋಡಿದ್ರ ಯಾರಿಗೂ ಕಾಣಂಗಿಲ್ಲ, ಆದ್ರ ಇಂಥಾ ಸೆನ್ಸರಿಗೆ ಹಲ್ಲಿಗೂ ಮೂತಿಗೂ ನಡುವೆ ಸಾಮಾನ್ಯವಾಗಿ ಅರ್ಧದಿಂದ ಒಂದೂವರಿ ಮಿಲಿಮೀಟರ್ ಅಷ್ಟ ಗ್ಯಾಪ್ ಇರೋದು, ಅದ್ರಾಗ 1.1 ಹೆಚ್ಚಾದ್ರ ಉಳೀತೇನು? ಇಂಜಿನ್ ಹಿಡಿಬಾರ್ದು ಅಂತ ಪೆಟ್ರೋಲ್ ಪಂಪ್ ರಿಲೇ ತೆಗದು, ಸೆನ್ಸರ್ ವಾಪಸ್ ಹಚ್ಚಿ, ಕನೆಕ್ಟರ್ ಹಿಂದಿನಿಂದ ಮೀಟರ್ ಸೂಜಿ ತೂರಿಸಿ, ಎಸಿ ವೋಲ್ಟ್‌ಗ ಇಟ್ಟು ಮಗನಿಗೆ ಸ್ಟಾರ್ಟರ್ ಹೊಡಿ ಅಂದೆ. 0.4 ವೋಲ್ಟ್, ಅದೂ ಕುಣಕೋತ. ಗ್ಯಾಪ್ ಹೆಚ್ಚಾದಂಗ ವೋಲ್ಟೇಜ್ ಬೀಳ್ತದ, ಸ್ಪೀಡ್ ಕಮ್ಮಿ ಆದಂಗನೂ ಬೀಳ್ತದ. ಇಂಜಿನ್ ಓಡ್ಲಿಕತ್ತಿದ್ದಾಗ ಸ್ಪೀಡ್ ಇರ್ತದ, ಕೊರತಿ ಮುಚ್ಚಿಹೋಗ್ತದ. ಸ್ಟಾರ್ಟ್ ಮಾಡೋ ಮುಂದ 200 ಆರ್‌ಪಿಎಂ ಇದ್ರ ಹೆಚ್ಚು, ಬ್ಯಾಟರಿ ಜರಾ ಇಳದಿದ್ರ ಅದೂ ಇಲ್ಲ. ಇಸಿಯು ಪಾಪ ಹಲ್ಲು ಎಣಿಸಿ ಎಣಿಸಿ ತಪ್ಪಿ ಮತ್ತ ಒಂದರಿಂದ ಶುರು ಮಾಡ್ತದ. ಕೋಡ್ ಯಾಕ ಬರ್ಲಿಲ್ಲಂದ್ರ ಸಿಗ್ನಲ್ ಪೂರಾ ಹೋಗಿರ್ಲೇ ಇಲ್ಲ. ನನ್ನ ಓಮ್ ಟೆಸ್ಟು ತಂತಿ ಸರೀ ಅದ ಅಂತ ಹೇಳಿತ್ತು, ಅಚ್ಚು ಸರೀ ಅದ ಅಂತ ನಾನೇ ತಿಳ್ಕೊಂಡಿದ್ದೆ.

ಚಾಚಾಗ ತೋರಿಸಿದೆ. ನಕ್ಕರು. "ರೇಟು ಎಷ್ಟಂದಿ? ಚಾರ್ ಸೌ ಬೀಸ್. ಡಬ್ಬಿ ಮ್ಯಾಲೇ ಬರದಾರಲ್ಲೋ ಬೇಟಾ" ಅಂದ್ರು. ಆಮ್ಯಾಲ ಅವ್ರದೇ ಇಲಾಜು, "ಕಿವಿ ಕೆಳಗ ಕಾನಸು ಹೊಡಿ, ಒಂದು ಮಿಲಿಮೀಟರ್ ತೆಗಿ, ಒಳಗ ಹೋಗ್ತದ". ಕೆಲಸ ಆಗ್ತದ, ಸುಳ್ಳಲ್ಲ. ಆದ್ರ ಕಾನಸು ಒಂದು ಕಡಿ ಹೆಚ್ಚು ತಿಂದ್ರ ಸೆನ್ಸರ್ ಓರೆ ಕುಂತು ಮೂತಿ ಹಲ್ಲಿಗೆ ತಾಗ್ತದ, ತಾಗಿದ್ರ ಸೆನ್ಸರೂ ಹೋಯ್ತು, ಹಲ್ಲಿನ ಗಾಲಿ ಕೆಟ್ರ ಗೇರ್‌ಬಾಕ್ಸ್ ಇಳಸೋ ಕೆಲಸ. 420 ರೂಪಾಯಿ ಸಾಮಾನು ಉಳಸ್ಲಿಕ್ಕೆ ಅಷ್ಟು ಯಾರ ಮಾಡ್ತಾರ.

ಈಗ ಒರಿಜಿನಲ್ ವಿಷಯಕ್ಕ ಬರ್ತೀನಿ, ಇಲ್ಲೇ ಭಾಳ ಮಂದಿ ಗೊಂದಲ ಮಾಡ್ಕೋತಾರ. ನಮ್ಮ ಕಡಿ ಮಾತು ಎರಡೇ, ಒರಿಜಿನಲ್ಲು ಇಲ್ಲಾ ಡೂಪ್ಲಿಕೇಟು. ಖರೇ ನೋಡಿದ್ರ ಕಾರು ಮಾಡೋ ಕಂಪನಿ ಸೆನ್ಸರೂ ಮಾಡಂಗಿಲ್ಲ, ಪ್ಲಗ್ಗೂ ಮಾಡಂಗಿಲ್ಲ. ಬಾಷ್, ಡೆನ್ಸೋ, ಎನ್‌ಜಿಕೆ ಇಂಥವ್ರು ಮಾಡಿ ಕೊಡ್ತಾರ, ಕಾರಿನ ಕಂಪನಿ ತನ್ನ ಡಬ್ಬ್ಯಾಗ ಹಾಕಿ ಮಾರ್ತದ. ಅದೇ ಮಾಲನ್ನ ಮಾಡಿದವ್ರು ತಮ್ಮ ಸ್ವಂತ ಡಬ್ಬ್ಯಾಗೂ ಮಾರ್ತಾರ, ರೇಟು ಕಮ್ಮಿ. ಆಮ್ಯಾಲ ಬರೋದು ಬ್ಯಾರೆಯವ್ರು ಅಳತಿ ತೊಗೊಂಡು ತಮ್ಮ ಹೆಸರಿನ್ಯಾಗ ಮಾಡೋ ಮಾಲು, ಆಫ್ಟರ್‌ಮಾರ್ಕೆಟ್ ಅಂತಾರಲ್ಲ ಅದು, ಅದ್ರಾಗ ಚಲೋದೂ ಅದ, ನನಗ ಸಿಕ್ಕಂಥಾದೂ ಅದ. ಇನ್ನ ದೊಡ್ಡ ಕಂಪನಿ ಹೆಸರನ್ನೇ ಕದ್ದು ಡಬ್ಬಿ ಪ್ರಿಂಟ್ ಹೊಡಸೋದು, ಅದು ಕಳ್ಳ ಮಾಲು, ಅದನ್ನ ಆಫ್ಟರ್‌ಮಾರ್ಕೆಟ್ ಅನ್ನೋದೇ ತಪ್ಪು.

ಹಂಗಾಗಿ ಹಳೇ ಪಾರ್ಟ್ ಬಿಸಾಕಬ್ಯಾಡ್ರಿ. ನನ್ನ ಹಳೇ ಸೆನ್ಸರನ್ನ ಪೆಟ್ರೋಲ್‌ನ್ಯಾಗ ಒರಸಿ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದ್ರ ಕಾರಿನ ಕಂಪನಿ ನಂಬರಿನ ಕೆಳಗ ಸಣ್ಣ ಅಕ್ಷರದಾಗ ಮಾಡಿದವ್ರ ಮಾರ್ಕು, ಅವ್ರದೇ ಬ್ಯಾರೆ ನಂಬರು ಇತ್ತು. ಕೆಲವು ಪಾರ್ಟಿನ ಮ್ಯಾಲ ಆ ಮಾರ್ಕನ್ನ ಕೆತ್ತಿ ಅಳಿಸಿರ್ತಾರ, ಅಲ್ಲಿ ತಗ್ಗು ಕಂಡ್ರ ಅಲ್ಲೇನೋ ಇತ್ತು ಅಂತ ತಿಳ್ಕೊಳ್ಳೋದು. ಆ ನಂಬರ್ ತೊಗೊಂಡು ಬ್ಯಾರೆ ಅಂಗಡ್ಯಾಗ ಕೇಳಿದೆ, ಎರಡು ದಿನಕ್ಕ ಹೈದರಾಬಾದಿನಿಂದ ಬಸ್ಸಿನ ಪಾರ್ಸಲ್‌ಗ ಬಂತು, 1,240 ರೂಪಾಯಿ, ಜಿಎಸ್‌ಟಿ ಬಿಲ್ಲಿನ ಜೊತಿ. ಡಬ್ಬಿ ಅಲ್ಲೇ ಕೌಂಟರ್ ಮ್ಯಾಲ ಒಡದು ವರ್ನಿಯರ್ ಹಚ್ಚಿದೆ, ಅಂಗಡಿಯವ ನನ್ನ ಮುಖಾನೇ ನೋಡ್ಕೋತ ನಿಂತ. 27.4. ಹಚ್ಚಿ ಸ್ಟಾರ್ಟರ್ ಹೊಡದಾಗ 1.3 ವೋಲ್ಟ್. ರಿಲೇ ಕುಂದ್ರಿಸಿ ಕೀ ತಿರುಗಿಸಿದ್ರ ಅರ್ಧ ತಿರುವಿಗೇ ಹಿಡೀತು. ಒಟ್ಟು ಲೆಕ್ಕ 1,660, ಮೊದಲೇ ಶೋರೂಮಿನ್ಯಾಗ ತೊಗೊಂಡಿದ್ರ 1,850. ನಾನು ಉಳಸಿದ್ದು 190 ರೂಪಾಯಿ, ಕಳಕೊಂಡಿದ್ದು ಐದು ವಾರ.

ಇಷ್ಟಕ್ಕ ಮುಗೀತು ಅಂದ್ಕೊಂಡ್ರ ಜುಲೈ ಮಳ್ಯಾಗ ಬ್ಯಾರೆ ಶುರು. ಹುಮನಾಬಾದ್ ರಿಂಗ್ ರೋಡ್ ಏರಿನ್ಯಾಗ ನಾಕನೇ ಗೇರಿನ್ಯಾಗ ಒತ್ತಿದ್ರ ಗಾಡಿ ಜಗ್ಗತದ, ಚೆಕ್ ಇಂಜಿನ್ ಲೈಟು ಮಿಣಮಿಣ. ಆ ಲೈಟು ಸುಮ್ನ ಉರಿಯೋದು ಬ್ಯಾರೆ, ಮಿಣಕೋದು ಬ್ಯಾರೆ. ಮಿಣಕಲಿಕತ್ತಂದ್ರ ಮಿಸ್‌ಫೈರ್ (ಸಿಲಿಂಡರಿನ್ಯಾಗ ಪೆಟ್ರೋಲ್ ಸರೀ ಉರಿಯದೇ ಇರೋದು) ಜೋರಾಗ್ಯದ, ಸುಡದ ಪೆಟ್ರೋಲ್ ಸೈಲೆನ್ಸರಿನ್ಯಾಗ ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗ ಹೋಗಿ ಅಲ್ಲಿ ಉರೀಲಿಕತ್ತದ ಅಂತ ಅರ್ಥ, ಹಂಗೇ ಓಡಿಸಿದ್ರ ಆ ಕನ್ವರ್ಟರ್ ಕರಗಿ ಹೋಗ್ತದ, ಅದರ ರೇಟು ಕೇಳಿದ್ರ ನಿದ್ದಿ ಬರಂಗಿಲ್ಲ. ಕಾಲು ಎತ್ತಿ ನಿಧಾನ ಮನಿಗೆ ತಂದೆ.

ಕೋಡ್ ಪಿ0303, ಮೂರನೇ ಸಿಲಿಂಡರ್. ಈ ಸಲ ಏನೂ ಖರೀದಿ ಮಾಡ್ಲಿಲ್ಲ, ಬುದ್ಧಿ ಬಂದಿತ್ತು. ಮೂರನೇ ಕಾಯಿಲ್ ತೆಗದು ಒಂದಕ್ಕ, ಒಂದರದು ಮೂರಕ್ಕ ಹಾಕಿ ಕೋಡ್ ಅಳಿಸಿ ಅದೇ ಏರಿಗೆ ಹೋದೆ. ಪಿ0301 ಬಂತು. ಕಾಯಿಲಿನ ಬೆನ್ನು ಹತ್ತಿ ಕೋಡೂ ಹೋಯ್ತಂದ್ರ ಕಾಯಿಲೇ ಕಳ್ಳ, ಖರ್ಚು ಸೊನ್ನಿ ರೂಪಾಯಿ. ಕೋಡ್ ಅಲ್ಲೇ ಮೂರಕ್ಕೇ ಇದ್ದಿದ್ರ ಪ್ಲಗ್ಗು, ಇಂಜೆಕ್ಟರು, ಕಂಪ್ರೆಷನ್ ನೋಡ್ಬೇಕಾಗ್ತಿತ್ತು.

ಆದ್ರ ಕಾಯಿಲ್ ಯಾಕ ಸತ್ತಿತು ಅಂತ ನೋಡ್ಲಿಕ್ಕೆ ಪ್ಲಗ್ ಬಿಚ್ಚಿದೆ. 1.1 ಮಿಲಿಮೀಟರ್ ಇರಬೇಕಾದ ಗ್ಯಾಪ್ 1.4 ಆಗಿ ಕುಂತದ. ಮತ್ತ ಗ್ಯಾಪ್! ಗ್ಯಾಪ್ ಹೆಚ್ಚಾದ್ರ ಕಿಡಿ ಹಾರ್ಲಿಕ್ಕೆ ಹೆಚ್ಚು ವೋಲ್ಟೇಜ್ ಬೇಕು, ಕಾಯಿಲ್ ದಿನಾ ಹೆಚ್ಚು ದುಡಿಬೇಕು, ಒಂದು ದಿನ ಅದರ ರಬ್ಬರ್ ಬೂಟು ಇಲ್ಲಾ ಒಳಗಿನ ಇನ್ಸುಲೇಷನ್ ಒಡದು ಕಿಡಿ ಬ್ಯಾರೆ ಕಡಿ ಹಾದಿ ಹುಡುಕ್ತದ. ಹಳೇ ಪ್ಲಗ್ಗಿನ ಮ್ಯಾಲ ಹೊಸಾ ಕಾಯಿಲ್ ಹಾಕೋದಂದ್ರ ಹೊಸಾ ಎತ್ತಿಗೆ ಹಳೇ ತಗ್ಗಿನ ಬಂಡಿ ಎಳಸಿದಂಗ.

ಪ್ಲಗ್ಗಿನ ನಂಬರ್ ಓದೋದು ಒಮ್ಮೆ ಕಲ್ತ್ರ ಅಂಗಡಿಯವ "ಇದೂ ನಡೀತದ" ಅಂದಾಗ ಹೂಂ ಅನ್ನಂಗಿಲ್ಲ. ಉದಾಹರಣಿಗೆ ಎನ್‌ಜಿಕೆ ಬಿಕೆಆರ್6ಇ-11 ತೊಗೊಳ್ರಿ. ಬಿಕೆ ಅಂದ್ರ 14 ಮಿಲಿಮೀಟರ್ ಚೂಡಿ (ಥ್ರೆಡ್ಡು), 16ರ ಪಾನಾ. ಆರ್ ಅಂದ್ರ ಒಳಗ ರೆಸಿಸ್ಟರ್ ಅದ. 6 ಅಂದ್ರ ಹೀಟ್ ರೇಂಜ್, ಪ್ಲಗ್ ತನ್ನ ಬಿಸಿ ಎಷ್ಟು ಬೇಗ ಹೊರಗ ಬಿಡ್ತದ ಅನ್ನೋ ಲೆಕ್ಕ. ಇ ಅಂದ್ರ 19 ಮಿಲಿಮೀಟರ್ ಉದ್ದದ ಚೂಡಿ. 11 ಅಂದ್ರ 1.1 ಗ್ಯಾಪ್. ಹೀಟ್ ರೇಂಜಿನ್ಯಾಗ ಒಂದು ತೊಡಕು ಅದ, ಎನ್‌ಜಿಕೆ, ಡೆನ್ಸೋದಾಗ ನಂಬರ್ ಏರಿದಂಗ ಪ್ಲಗ್ ತಂಪು, ಎನ್‌ಜಿಕೆ 6 ಅಂದ್ರ ಡೆನ್ಸೋದ 20. ಬಾಷ್‌ದಾಗ ಉಲ್ಟಾ, ನಂಬರ್ ಏರಿದಂಗ ಬಿಸಿ. ನಂಬರ್ ನಂಬರಿಗೆ ಹೊಂದಿಸಿ ಕಂಪನಿ ಬದಲಿ ಮಾಡಿದ್ರ ಕಥಿ ಮುಗೀತು. ನಮ್ಮ ಅಪ್ಪಗ ಇದೆಲ್ಲಾ ಬ್ಯಾಡ, ಅವ್ರಿಗೆ ಯಾವ ಪ್ಲಗ್ ತೋರಿಸಿದ್ರೂ ಅದು ಮೈಕೋ ಪ್ಲಗ್. ಬೆಂಗಳೂರಿನ ಮೈಕೋ 2008ರಾಗೇ ಬಾಷ್ ಅಂತ ಹೆಸರು ಬದಲಿ ಮಾಡ್ಕೊಂಡದ ಅಂದ್ರ "ಹೆಸರು ಬದಲಿ ಮಾಡಿದ್ರ ಪ್ಲಗ್ ಬದಲಿ ಆಗ್ತದೇನು" ಅಂತಾರ.

ನಾಕು ಪ್ಲಗ್ ತರಸ್ದೆ. ಎರಡು ಕಡಿಯಿಂದ ಎರಡೆರಡು ಬಂದ್ವು, ಒಂದು ಜೋಡಿ ರೇಟು ಭಾಳ ಕಮ್ಮಿ. ಡಬ್ಬಿ ಎರಡೂ ಒಂದೇ. ಮ್ಯಾಲಿನ ತುದಿಯಿಂದ ನಡುವಿನ ಎಲೆಕ್ಟ್ರೋಡ್ ತನಕ ಮೀಟರ್ ಹಚ್ಚಿದೆ, ರೆಸಿಸ್ಟರ್ ಪ್ಲಗ್ಗಿನ್ಯಾಗ 5 ಕಿಲೋ ಓಮ್ ಆಸುಪಾಸು ಬರ್ಬೇಕು. ಒಂದು ಜೋಡಿ 4.8, 5.1. ಇನ್ನೊಂದು ಜೋಡಿ ಎರಡರದೂ ಸೊನ್ನಿ. ಮ್ಯಾಲ ಆರ್ ಅಂತ ಅಚ್ಚದ, ಒಳಗ ರೆಸಿಸ್ಟರೇ ಇಲ್ಲ! ವಾಷರ್ ಕೈಲೇ ತಿರುವಿದ್ರ ಹೊರಗ ಬಂತು, ಚಲೋ ಪ್ಲಗ್ಗಿಂದು ಹಂಗ ಸುಲಭ ಬರಂಗಿಲ್ಲ, ಕೆಳಗಿನ ಕೊಕ್ಕಿ ನಡುವಿಗೆ ಸರೀ ಕುಂತಿಲ್ಲ. ರೆಸಿಸ್ಟರ್ ಇಲ್ಲದ ಪ್ಲಗ್ಗಿನಿಂದ ಗಾಡಿ ಓಡ್ತದ, ಆದ್ರ ಕಿಡಿಯ ಗದ್ದಲ ರೇಡಿಯೋದಾಗ ಕೇಳ್ತದ, ಇಸಿಯು ಸೆನ್ಸರುಗಳ ವೈರಿಗೂ ಹತ್ತಬಹುದು. ವಾಪಸ್ ಒಯ್ದೆ, ಎರಡು ಮಾತಿಲ್ಲದ ರೊಕ್ಕ ಕೊಟ್ಟ. ಅಂದ್ರ ಅವನಿಗೂ ಗೊತ್ತಿತ್ತು.

ಹಾಕೋ ಮುಂದ ಇಂಜಿನ್ ತಣ್ಣಗ ಮಾಡಿ, ಕೈಲೇ ಪೂರಾ ತಿರುವಿ ಕುಂದ್ರಿಸಿ, ಆಮ್ಯಾಲ ಪಾನಾದಿಂದ ಅರ್ಧ ಸುತ್ತಿಗೆ ಸ್ವಲ್ಪ ಹೆಚ್ಚು, ಅಷ್ಟ. ಅಲ್ಯೂಮಿನಿಯಂ ಹೆಡ್ ಅದ, ಚಾಚಾ ಕೈಯಾಗ ಪಾನಾ ಕೊಡ್ಲಿಲ್ಲ. ಕಾಯಿಲ್ ಒಂದೇ ಹಾಕಿದೆ, ಹಳೇದರ ಮ್ಯಾಲಿದ್ದ ಮಾರ್ಕಿನವ್ರದೇ, ಉಳಿದ ಮೂರು ಹಳೇವೇ ಅವ. ನಾಕೂ ಬದಲಿ ಮಾಡು ಅಂತ ಎಲ್ಲಾರೂ ಅಂದ್ರು, ಆದ್ರ ಕೆಡದ ಒರಿಜಿನಲ್ ಬಿಚ್ಚಿ ಕಪಾಟಿನ್ಯಾಗ ಇಡೋದು ನನಗ ಒಗ್ಗಲಿಲ್ಲ. ಅವ್ರಾಗ ಒಂದು ಕೈ ಕೊಟ್ರ ಬಿಚ್ಚಲಿಕ್ಕೆ ಅಂತ ಡ್ಯಾಶ್‌ಬೋರ್ಡಿನ್ಯಾಗ ಹತ್ತರ ಪಾನಾ ಇಟ್ಕೊಂಡೀನಿ.

ವೈಪರು, ಬಲ್ಬು, ಏರ್ ಫಿಲ್ಟರು ಇವನ್ನ ಈಗೂ ಲೋಕಲ್ ಅಂಗಡ್ಯಾಗೇ ತೊಗೋತೀನಿ, ಕೆಟ್ರ ಕಣ್ಣಿಗೆ ಕಾಣ್ತಾವ. ಇಸಿಯುಗ ಮಾತಾಡೋ ಸಾಮಾನು ಮಾತ್ರ ಡಬ್ಬಿ ಒಡದು ಅಳಿಯದ ತೊಗೊಳ್ಳಂಗಿಲ್ಲ. 420ರ ಸೆನ್ಸರು ಚಾಚಾ ಒಯ್ದ್ರು, "ರಸ್ತ್ಯಾಗ ಯಾರಾದ್ರೂ ಸಿಕ್ಕಿಬಿದ್ರ ಮನಿ ಮುಟ್ಟಸ್ಲಿಕ್ಕೆ ಆಗ್ತದ" ಅಂತ, ಅದೂ ಖರೇನೇ. ಅದರ ಕಿವಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿ ಕೊಟ್ಟೀನಿ, ಹೊಸಾದು ಅಂತ ಯಾರಿಗಾದ್ರೂ ಮಾರಿಬಿಟ್ಟಾರು. ಇನ್ನ ಉಳಿದಿದ್ದು ಮುಂದಿನ ಆಕ್ಸಿಜನ್ ಸೆನ್ಸರು, ಹೊಗ್ಯಾಗ ಆಕ್ಸಿಜನ್ ಎಷ್ಟದ ಅಂತ ನೋಡೋದು. ಸ್ಕ್ಯಾನರ್‌ನ್ಯಾಗ 0.1ರಿಂದ 0.9 ವೋಲ್ಟ್ ನಡುವೆ ಪಟಪಟ ಏರಿಳಿಬೇಕಾದದ್ದು ಜರಾ ತೂಕಡಿಸ್ಲಿಕತ್ತದ, ಮಿಸ್‌ಫೈರಿನ ಕರಿ ತಿಂದಿರಬೇಕು. ದೀಪಾವಳಿ ಬೋನಸ್ ಬಂದ ಮ್ಯಾಲ ನೋಡೂಣು.